ಇಳಿಜಾರಿನ ಕೊನೆಯ ಮೀನಂಗಡಿ

ಗುಳಕ್.

ಪ್ರೇಮಲತಾ ಅಟ್ಟದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಆ ಸದ್ದಿಗೇ ಕಾಯುತ್ತಿದ್ದಳು. ಮಗುವೊಂದು ನೀರು ನುಂಗಿದಂಥ ಸಣ್ಣ ಸದ್ದು. ಕೆಳಗೆ ಅಡುಗೆಮನೆಯ ಮೂಲೆಯಲ್ಲಿ, ನೀರು ಹೋಗುವ ಜಾಲರಿಯೊಳಗಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ, ಗುಳಕ್.

ಮೇಲಿನ ಮನೆಗಳಲ್ಲಿ ಯಾರೋ ಕಕ್ಕಸಿಗೆ ನೀರು ಬಿಟ್ಟಿದ್ದರು.

ಅವಳು ಏಣಿ ಇಳಿದು ದೀಪ ಹಾಕಿದಳು. ಜಾಲರಿಯ ಸುತ್ತ ಕಪ್ಪು ನೀರು ಎದ್ದು ಒಲೆಯ ಕಟ್ಟೆಯ ಕಡೆಗೆ ಹರಿಯುತ್ತಿತ್ತು. ಅದರ ಮೇಲೆ ತೇಲುತ್ತಿದ್ದದ್ದು ಏನೆಂದು ಹೇಳಬೇಕಾಗಿಲ್ಲ. ನಾಳೆಯ ಸಾರಿಗೆಂದು ಹುಣಸೆಹಣ್ಣು ನೆನೆಸಿಟ್ಟ ಪಾತ್ರೆಯನ್ನು ಎತ್ತಿ ಮೇಲಿಟ್ಟಳು. ಸೀರೆಯನ್ನು ಮೊಣಕಾಲಿನ ಮೇಲೆ ಸಿಕ್ಕಿಸಿದಳು. ಬಾಚಿದಳು. ಬಕೆಟ್ಟಿಗೆ ತುಂಬಿದಳು. ಹೊತ್ತುಕೊಂಡು ಹೋಗಿ ಓಣಿಯ ತುದಿಯ ಮಳೆನೀರಿನ ಮೋರಿಗೆ ಸುರಿದಳು. ಮತ್ತೆ ಬಂದು ಬಾಚಿದಳು.

ಅತ್ತೆ ಅಂಜನಮ್ಮನಿಗೂ ಎಚ್ಚರವಾಯಿತು.

"ಬಂತೇನೇ?"

"ಬಂತು ಅತ್ತೆ."

"ಯಾರ್ ಮನೇದು ಇವತ್ತು?"

"ಹೆಸ್ರು ಬರ್ದಿಲ್ಲ ಅತ್ತೆ ಅದ್ರ ಮೇಲೆ."

ಅಂಜನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಅವಳೂ ಒಂದು ಬಕೆಟ್ ಹಿಡಿದಳು.

ಅಟ್ಟದ ಮೇಲಿಂದ ಮುನಿರಾಜು ಕೆಮ್ಮಿದ. ಏಣಿಯ ಮೇಲೆ ಕಾಲಿಟ್ಟ. ಒಂದು ಮೆಟ್ಟಿಲು ಇಳಿದು ಅಲ್ಲೇ ಕೂತ. "ಪ್ರೇಮಾ, ನಾನು..." ಅಂದ. ಮುಂದಿನ ಮಾತಿಗೆ ಉಸಿರಿರಲಿಲ್ಲ.

"ನೀವು ಮಲ್ಕೊಳ್ರೀ," ಅಂದಳು. ಗಂಡನ ಮುಖ ನೋಡಲಿಲ್ಲ.

ಚಾಮರಾಜಪೇಟೆಯ ಆ ಓಣಿ ಒಂದು ಸಾಲು ಮನೆಗಳ ಬೆನ್ನಿಗಿತ್ತು. ಹಿಂದೆ ಮಲ ಹೊರುವವರು ಓಡಾಡಲೆಂದೇ ಬಿಟ್ಟ ಓಣಿ. ಮುಂಬಾಗಿಲಿಗೆ ಬರಬಾರದವರಿಗಾಗಿ ಮಾಡಿದ ದಾರಿ. ಮನೆಗಳಿಗೆ ಪೈಪು ಬಂತು, ಹೊರುವವರು ಹೋದರು, ಓಣಿ ಉಳಿಯಿತು. ಇಳಿಜಾರಿನ ಕೊನೆಯಲ್ಲಿ ಅಂಜನಮ್ಮನ ಗಂಡ ಅಶ್ವತ್ಥಪ್ಪ ಮೀನಿನ ಬುಟ್ಟಿ ಇಟ್ಟುಕೊಂಡು ಕೂತ. ಬುಟ್ಟಿ ಕಟ್ಟೆಯಾಯಿತು, ಕಟ್ಟೆ ಅಂಗಡಿಯಾಯಿತು. ಅವನು ಸತ್ತ ಮೇಲೆ ಮಗ ಮುನಿರಾಜು ಹಿಂದುಗಡೆ ನಾಲ್ಕು ಮೇಜು ಹಾಕಿ ಊಟ ಶುರುಮಾಡಿದ. ಮುಂದೆ ಮೀನು, ಹಿಂದೆ ಮುದ್ದೆ, ಮೀನಿನ ಸಾರು, ಹುರಿದ ಬಂಗುಡೆ. ತರಗುಪೇಟೆಯಲ್ಲಿ ಮೂಟೆ ಹೊರುವವರು, ಕಾಟನ್‌ಪೇಟೆಯ ಅಂಗಡಿ ಕೆಲಸದವರು ಮಧ್ಯಾಹ್ನ ಬಂದು ಉಣ್ಣುತ್ತಿದ್ದರು. ಬೆನ್ನು ತಿರುಗಿಸಿ ನಿಂತ ಮನೆಗಳವರೂ ಮೀನಂಗಡಿಯವರೂ ಒಬ್ಬರನ್ನೊಬ್ಬರು ಕಾಣದ ಹಾಗೆ ಬದುಕಿದ್ದರು.

ಪ್ರೇಮಲತಾ ಬಿ.ಕಾಂ. ಓದಿ ಆ ಮನೆಗೆ ಬಂದವಳು. ಬಂದ ಮೇಲೆ ಮೀನು ಹೆಚ್ಚಲು ಕಲಿತಳು. ಬೆಳಗಿನ ಜಾವ ಐಸಿನೊಳಗೆ ಕೈ ಹಾಕಿ ಮೀನು ಎತ್ತಬೇಕು. ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ, ಮಧ್ಯಾಹ್ನ ಖಾರ ಅರೆಯುವಾಗ ಗೊತ್ತಾಗುತ್ತದೆ. ತನ್ನ ಮೈಯ ವಾಸನೆ ತನಗೇ ತಿಳಿಯುವುದಿಲ್ಲ. ಅದಕ್ಕೇ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಅವಳು ಬೇರೆಯವರ ಮೂಗನ್ನು ನೋಡುತ್ತಿದ್ದಳು. ಯಾರ ಮೂಗಾದರೂ ಸ್ವಲ್ಪ ಅಲುಗಿದರೆ ಪಕ್ಕಕ್ಕೆ ಸರಿಯುತ್ತಿದ್ದಳು. ಮಾತನ್ನೂ ಹಾಗೇ ಅಳೆದು ಆಡುತ್ತಿದ್ದಳು.

ಓಣಿಯ ಆಚೆ ಹೊಸ ಕಟ್ಟಡ ಎದ್ದಾಗ ಕಾಂಕ್ರೀಟ್ ಕಲೆಸುವ ಯಂತ್ರವನ್ನು ತೊಳೆದು ಆ ನೀರನ್ನು ಒಳಚರಂಡಿಗೆ ಬಿಟ್ಟರು. ಮುನಿರಾಜು ಕಣ್ಣಾರೆ ಕಂಡ. ಕೂಗಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಒಳಗೇ ಹೆಪ್ಪುಗಟ್ಟಿ ಕಲ್ಲಾಯಿತು. ಕಲ್ಲು ಕೂತದ್ದು ಮೀನಂಗಡಿಯ ಮುಂದಿನ ಆಳದ ಮ್ಯಾನ್‌ಹೋಲ್ ಗುಂಡಿಯ ತಳದಲ್ಲಿ, ನೀರು ಮುಂದಕ್ಕೆ ಹೋಗುವ ಪೈಪಿನ ಬಾಯಲ್ಲಿ. ಮೇಲಿನ ಮನೆಗಳ ಹೊಲಸೆಲ್ಲ ಇಳಿದು ಬಂದು, ಮುಂದಕ್ಕೆ ದಾರಿಯಿಲ್ಲದೆ, ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಅಡುಗೆಮನೆಯಲ್ಲಿ ಎದ್ದಿತು. ಮೇಲಿನವರಿಗೆ ಬಂದದ್ದು ವಾಸನೆ ಮಾತ್ರ. ವಾಸನೆ ಬಂದರೆ ಅದು ಮೀನಿನವರದೇ.

ಮೇಲಿನ ಮನೆಗಳ ಸಂಘದ ಕಾರ್ಯದರ್ಶಿ ಸಂಕರ್ಷಣ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾತು ಮೆತ್ತಗೆ. ಹೊಸ್ತಿಲಿನಿಂದ ದೂರ ನಿಂತು ಕರೆದರು.

"ಮುನಿರಾಜು, ಮೀನಿನ ಹುರುಪೆ ಕಟ್ಕೊಂಡಿದೆಯಪ್ಪ. ನೀವೇ ತಾನೇ ತೆಗೀಬೇಕು?"

ಅಂಜನಮ್ಮ ಎದ್ದು ಬಂದಳು. "ಸ್ವಾಮಿ, ನಾವು ಗಂಗಮ್ಮನ ಒಕ್ಕಲು. ಮೀನಿಂದು ಒಂದು ಹುರುಪೆ ನೀರಿಗೆ ಬಿಡಲ್ಲ. ಬಿಟ್ರೆ ಬಲೆ ಬರಿದಾಗುತ್ತೆ ಅಂತ ನಮ್ಮಾವ ಹೊಡ್ದು ಕಲ್ಸವ್ರೆ. ಅಗೋ ಡ್ರಮ್ಮು, ಅದ್ರಲ್ಲೇ ಹಾಕೋದು. ಕೋಳಿಫಾರಂನವರು ಬಂದು ಒಯ್ತಾರೆ."

"ಇರಬಹುದಮ್ಮ. ಆದ್ರೂ ಬೇರೆ ಯಾರದ್ದಿರುತ್ತೆ ಹೇಳಿ?"

ಪ್ರೇಮಲತಾ ದಿನವೂ ಚರಂಡಿ ಕಚೇರಿಗೆ ಫೋನ್ ಮಾಡಿದಳು. ಚರಂಡಿ ಬಿಡಿಸುವ ಯಂತ್ರದ ಗಾಡಿ ಕೆಟ್ಟಿದೆ ಅಂದರು. ಬೇರೆ ಏರಿಯಾಗೆ ಹೋಗಿದೆ ಅಂದರು. ಒಬ್ಬ ಕೇಳಿದ, "ಮೀನಂಗಡಿಯಾ? ಮತ್ತೆ ಕಟ್ಕೊಳ್ದೆ ಇರುತ್ತಾ?"

ಸಂಕರ್ಷಣರು ಮತ್ತೆ ಬಂದಾಗ ಅವಳೇ ಹೇಳಿದಳು. "ಸಾರ್, ಗುಂಡಿಗೆ ಮನುಷ್ಯರನ್ನ ಇಳಿಸೋ ಹಾಗಿಲ್ಲ. ಕಾನೂನಿದೆ."

"ಇಳಿಸ್ತಿರೋದು ಯಾರಮ್ಮ? ನಾವು ಯಾರನ್ನೂ ಇಳಿಸ್ತಿಲ್ಲ. ನಿಮ್ಮ ಅಂಗಡಿ ಮುಂದಿನ ಗುಂಡಿ, ನೀವು ನೋಡ್ಕೊಳ್ಳಿ ಅಂತಿದೀನಿ. ಇಲ್ಲಾಂದ್ರೆ ಅಂಗಡಿ ಮುಚ್ಚಿಸಿ ಅಂತ ನಾವು ಹೋಗಿ ಹೇಳ್ಬೇಕಾಗುತ್ತೆ. ನನಗದು ಇಷ್ಟ ಇಲ್ಲ."

ಮುನಿರಾಜು ಅಂಗಿ ಬಿಚ್ಚಿದ.

"ಬೇಡ ಕಣ್ರೀ. ಒಳಗೆ ಗ್ಯಾಸ್ ಇರುತ್ತೆ."

"ಗ್ಯಾಸ್ ಇದ್ರೇನು, ನಾನು ಉಸಿರೆಳ್ಕೊಂಡ್ರೆ ತಾನೇ? ನಮ್ಮಪ್ಪನ ಜೊತೆ ಕೆರೆ ತಳಕ್ಕಿಳಿದು ಬಲೆ ಬಿಡ್ಸಿರೋನು ನಾನು. ಸತ್ತೋದ ಅಂತ ಜನ ದಡದಲ್ಲಿ ಅಳೋಕೆ ಶುರು ಮಾಡ್ತಿದ್ರು, ಆಗ ಎದ್ದು ಬರ್ತಿದ್ದೆ. ಉಸಿರು ಕಟ್ಟೋದು ನಂಗೆ ಹೇಳ್ಕೊಡ್ತೀಯಾ?"

ಅಂಜನಮ್ಮನೂ ಹೂಂ ಅಂದಳು. "ಅವನು ಮೀನಿದ್ದಂಗೆ ಕಣೇ."

ಅವರು ತಪ್ಪಿದ್ದೇ ಅಲ್ಲಿ. ನೀರಲ್ಲಿ ಮುಳುಗಿದವನಿಗೆ ನೀರೇ ಮೂಗು ಮುಚ್ಚಿ ಎಚ್ಚರ ಹೇಳುತ್ತದೆ. ಗುಂಡಿಯ ಗಾಳಿ ಏನೂ ಹೇಳುವುದಿಲ್ಲ. ಮುನಿರಾಜು ಗುಂಡಿಯ ನೀರನ್ನೆಲ್ಲ ಬಕೆಟ್ಟಿನಲ್ಲಿ ಮೊಗೆದು ತಗ್ಗಿಸಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಎದೆ ತುಂಬ ಉಸಿರೆಳೆದು ಇಳಿದ. ಮೇಲಿನವರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಒಳಗೆ ಕಬ್ಬಿಣದ ಹಾರೆ ಕಲ್ಲಿಗೆ ಬಡಿದ ಸದ್ದು ಕೇಳಿಸಿತು. ಹಾರೆ ಬೀಸುವಾಗ ಕಟ್ಟಿದ್ದ ಉಸಿರು ತಾನಾಗಿ ಬಿಟ್ಟುಹೋಯಿತು. ಮೈ ತಾನಾಗಿ ಒಳಗೆಳೆದುಕೊಂಡಿತು. ಹಾರೆ ಬಿತ್ತು. ಹಗ್ಗ ಭಾರವಾಯಿತು.

ಹೆಂಡತಿಯೂ ತಾಯಿಯೂ ಸೇರಿ ಎಳೆದರು. ಅಂಗೈ ಸುಲಿದುಹೋಯಿತು. ಕರವಸ್ತ್ರ ಹಿಡಿದವರಲ್ಲಿ ಒಬ್ಬರೂ ಹಗ್ಗ ಮುಟ್ಟಲಿಲ್ಲ. ಹಗ್ಗಕ್ಕೆ ಹೇಲು ಹತ್ತಿತ್ತು.

ಮುನಿರಾಜು ಬದುಕಿದ. ಹಾಗೆ ಡಾಕ್ಟರು ಹೇಳಿದರು. ಈಗ ಅವನು ಒಲೆಯ ಮುಂದೆ ನಿಲ್ಲಲಾರ, ಐಸಿನ ಪೆಟ್ಟಿಗೆ ಎತ್ತಲಾರ, ಒಂದು ಪೂರ್ತಿ ಮಾತು ಆಡಲಾರ. ಆಸ್ಪತ್ರೆಯಿಂದ ಬಂದ ದಿನ ಸಂಕರ್ಷಣರ ಹೆಂಡತಿ ಅಲಮೇಲು ಹಿತ್ತಲ ಗೋಡೆಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟು, "ತಗೊಳಮ್ಮ ಪ್ರೇಮ," ಎಂದು ಹೇಳಿ ಒಳಗೆ ಹೋದರು. ಕೈಗೆ ಕೊಡಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು, ಅದೂ ನಿಜ.

ಕಲ್ಲು ಹಾಗೇ ಇತ್ತು. ರಾತ್ರಿ ಗುಳಕ್ ಅನ್ನುವುದೂ ಹಾಗೇ ಇತ್ತು.

ಬಕೆಟ್ ಹೊತ್ತ ಆ ರಾತ್ರಿ ಕಳೆದು ಬೆಳಗಾದಾಗ ಸಂಕರ್ಷಣರು ಬಂದರು. ಪ್ರೇಮಲತಾ ಈಳಿಗೆಮಣೆಯ ಮೇಲೆ ಕೂತು ಕಾಟ್ಲಾ ಮೀನು ಸೀಳುತ್ತಿದ್ದಳು.

"ಮುನಿರಾಜು ಹೇಗಿದಾನಮ್ಮ?"

"ಇದಾರೆ ಸಾರ್."

"ಪಾಪ. ನೋಡಮ್ಮ, ಕೆಲಸ ಅರ್ಧಕ್ಕೇ ನಿಂತಿದೆ ಅಂತ ಎಲ್ರೂ ನನ್ನ ಕೇಳ್ತಿದಾರೆ. ನಾಳೆ ನಮ್ಮ ತಂದೆಯವರ ತಿಥಿ ಬೇರೆ. ಈ ವಾಸನೇಲಿ ಪುರೋಹಿತರು ಕೂತ್ಕೊಳೋದು ಹೇಗೆ?"

ಅವಳ ಕೈ ನಿಂತಿತು. ಅರ್ಧಕ್ಕೇ.

ಅಂಜನಮ್ಮ ಆಗಲೇ ಸೀರೆಯನ್ನು ಕಚ್ಚೆ ಹಾಕಿ ಕಟ್ಟುತ್ತಿದ್ದಳು. "ನಾನಿಳೀತೀನಿ ಸ್ವಾಮಿ. ಸಾಯೋ ವಯಸ್ಸು ನಂದು. ಅಂಗ್ಡಿ ಒಂದು ಬಿಟ್ಬಿಡಿ."

"ಕೂತ್ಕೊಳಿ ಅತ್ತೆ."

"ನೀ ಸುಮ್ನಿರೇ."

"ಕೂತ್ಕೊಳಿ ಅಂದೆ!"

ಸೊಸೆ ದನಿಯೇರಿಸಿದ್ದನ್ನು ಅಂಜನಮ್ಮ ಯಾವತ್ತೂ ಕೇಳಿರಲಿಲ್ಲ. ಕೂತಳು. ಪ್ರೇಮಲತಾ ಎದ್ದು ಹೊಸ್ತಿಲು ದಾಟಿದಳು. ಕೈಯಿಂದ ಮೀನಿನ ರಕ್ತ ತೊಟ್ಟಿಕ್ಕುತ್ತಿತ್ತು. ಸಂಕರ್ಷಣರು ಹಿಂದೆ ಸರಿದರು. ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ನಮ್ಮನೆಯಿಂದ ಇನ್ಮೇಲೆ ಯಾರೂ ಇಳಿಯಲ್ಲ ಸಾರ್. ನಮ್ಮದು ಮೀನು. ಹೇಲು ನಿಮ್ಮದು."

"ಓದಿದವಳು ಆಡೋ ಮಾತಾ ಇದು?"

"ಓದಿದ್ದಕ್ಕೇ ಇಷ್ಟು ದಿನ ಆಡಿರ್ಲಿಲ್ಲ."

ಅವರ ಮುಖ ಕೆಂಪಾಯಿತು. "ಸರಿ. ತಿಥಿ ಮುಗೀಲಿ. ಸೋಮವಾರ ನಿಮ್ಮ ಅಂಗಡಿಗೆ ಬೀಗ ಬೀಳುತ್ತೆ," ಎಂದು ಹೇಳಿ ಹೋದರು.

ದಿನವಿಡೀ ಅವಳು ಮೀನು ಹೆಚ್ಚುತ್ತಲೇ ಲೆಕ್ಕ ಹಾಕಿದಳು. ಬೀಗ ಬಿದ್ದರೆ ಗಂಡನ ಮಾತ್ರೆಗೂ ಗತಿಯಿಲ್ಲ. ಬೀಳದಿದ್ದರೆ ಹೇಲಿನ ನಡುವೆ ಅಡುಗೆ. ಗಾಡಿ ಬರಬೇಕು. ಗಾಡಿ ಯಾರಿಗೆ ಬರುತ್ತದೆ? ಮೇಲಿನವರ ಮನೆಯಲ್ಲಿ ಎದ್ದರೆ ಬರುತ್ತದೆ.

ಅಷ್ಟೇ ಅವಳು ಯೋಚಿಸಿದ್ದು. ಅದರಿಂದಾಚೆಗೆ ಯೋಚಿಸಲಿಲ್ಲ.

ಸಾಲುಮನೆಗಳ ಪೈಪುಗಳೆಲ್ಲ ಸೇರುವ ಒಂದು ಗುಂಡಿ ಸಂಕರ್ಷಣರ ಹಿತ್ತಲ ಗೋಡೆಯ ಆಚೆ, ಓಣಿಯಲ್ಲೇ ಇತ್ತು. ಅದು ಆಳವಿಲ್ಲ, ತೋಳಿನಷ್ಟು. ಬೆಳಗಿನ ಜಾವ ಮೀನಿನ ಗಾಡಿ ಬರುವ ಮೊದಲು ಅವಳು ಐಸು ಸುತ್ತುವ ಗೋಣಿಚೀಲಕ್ಕೆ ಮಾವನ ಹರಿದ ಬಲೆಯನ್ನು ತುರುಕಿ, ಬಾಯಿ ಕಟ್ಟಿ, ಕೆಳಕ್ಕೆ ಹೋಗುವ ಪೈಪಿನ ಬಾಯಿಗೆ ಒದ್ದಳು. ಕಾಲಿನಿಂದ ಒತ್ತಿ ಒತ್ತಿ ಕೂರಿಸಿದಳು. ಚಪ್ಪಡಿ ಮುಚ್ಚಿದಳು. ನಲ್ಲಿಯಲ್ಲಿ ಕಾಲು ತೊಳೆದು ಬಂದು ಮಲಗಿದಳು. ಮುನಿರಾಜು ನಿದ್ದೆಯಲ್ಲಿ ಶಿಳ್ಳೆ ಹಾಕಿದಂತೆ ಉಸಿರಾಡುತ್ತಿದ್ದ.

ಬೆಳಗಾದಾಗ ಅಡುಗೆಮನೆ ಒಣಗಿತ್ತು. "ಗಂಗಮ್ಮ ಕಣ್ಬಿಟ್ಳು ಕಣೇ!" ಎಂದು ಅಂಜನಮ್ಮ ನೆಲಕ್ಕೆ ಕೈ ಮುಗಿದಳು. ನೆಲವನ್ನು ತಿಕ್ಕಿ ತಿಕ್ಕಿ ತೊಳೆದಳು. ದೊಡ್ಡ ಪಾತ್ರೆಯಲ್ಲಿ ಸಾರಿಗೆ ಇಟ್ಟಳು.

ಹೊತ್ತೇರಿದ ಮೇಲೆ ಮೇಲಿನಿಂದ ಕೂಗು ಬಂತು. ಮೊದಲು ಅಲಮೇಲು ಅವರ ದನಿ. ಆಮೇಲೆ ಪಕ್ಕದ ಮನೆಯಿಂದ, ಅದರಾಚೆಯ ಮನೆಯಿಂದ. ಬಚ್ಚಲಲ್ಲಿ ಎದ್ದಿತ್ತು. ಒಬ್ಬರ ಮನೆಯಲ್ಲಿ ನಡುಮನೆಗೂ ಹರಿದಿತ್ತಂತೆ. ಸಂಕರ್ಷಣರು ಮಡಿಪಂಚೆಯಲ್ಲೇ ಓಣಿಗೆ ಓಡಿಬಂದು ಫೋನಿನಲ್ಲಿ ಮಾತಾಡುತ್ತಿದ್ದರು. ಪ್ರೇಮಲತಾ ಮೀನು ಹೆಚ್ಚುತ್ತಲೇ ಕಿವಿ ಕೊಟ್ಟಳು.

"ಹೌದು, ಅರ್ಜೆಂಟು... ಸಂಜೆಗೆ ಗಾಡಿ ಕಳಿಸ್ತೀರಾ? ಖಂಡಿತ ತಾನೇ?"

ಬರುತ್ತದೆ! ಇಷ್ಟು ದಿನ ಕೆಟ್ಟು ನಿಂತಿದ್ದ ಗಾಡಿ ಸಂಜೆಗೆ ಬರುತ್ತದೆ. ಅವಳಿಗೆ ನಗು ಬಂತು. ಅಳುವೂ ಬಂತು.

ಆದರೆ ತಿಥಿ ಸಂಜೆಯವರೆಗೆ ಕಾಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಮೇಲಿನವರು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಬ್ಬನನ್ನು ಕರೆತಂದರು. ಹೆಸರು ಕೈಲಾಸ್. ಕಾಟನ್‌ಪೇಟೆಯ ಹಿಂದಿನ ಕೇರಿಯವನು. ಒಣಕಲು ಮೈ, ತೂತುಬಿದ್ದ ಬನಿಯನ್. ಬಾಯಲ್ಲಿ ಸಾರಾಯಿಯ ವಾಸನೆ. ಕುಡಿಯದೆ ಆ ಕೆಲಸ ಮಾಡಲಾಗುವುದಿಲ್ಲ. ಅವನನ್ನು ನೇರವಾಗಿ ಮೀನಂಗಡಿಯ ಮುಂದಿನ ಆಳದ ಗುಂಡಿಗೆ ಕರೆತಂದು ನಿಲ್ಲಿಸಿದರು. ಅವನು ಮುಚ್ಚಳ ಎತ್ತಿ ಬಗ್ಗಿ ನೋಡಿದ.

"ಇಲ್ಲಿ ನೀರು ತಗ್ಗೈತೆ ಸಾರ್. ಮೇಲೆ ಎಲ್ಲೋ ಕಟ್ಟಿರ್ಬೇಕು."

"ಕಟ್ಟಿರೋದು ಇಲ್ಲೇ ಕಣಯ್ಯ, ಎಲ್ರಿಗೂ ಗೊತ್ತು. ಇಳಿದು ತೆಗಿ, ಹೊತ್ತಾಯ್ತು."

"ಆಯ್ತು ಸಾರ್. ನೀವ್ ಹೇಳ್ದಂಗೆ."

ಪ್ರೇಮಲತಾ ಮೀನು ಬಿಟ್ಟು ಎದ್ದಳು. ಓಡಿಬಂದಳು.

"ಇಳೀಬೇಡಿ! ನಮ್ಮೆಜಮಾನ್ರು ಬಿದ್ದಿದ್ದು ಇದ್ರಲ್ಲೇ."

"ಹೇಳಿದ್ರು ಅಕ್ಕ. ಅವ್ರು ಹೊಸಬ್ರು. ನಮಗೆ ಅಭ್ಯಾಸ."

"ಅಭ್ಯಾಸ ಆಗೋ ಗಾಳಿ ಅಲ್ಲಪ್ಪ ಅದು!"

"ನಾನಿಳೀದಿದ್ರೆ ಇನ್ನೊಬ್ಬನ್ನ ಕರೀತಾರೆ. ಅವನ ಮಕ್ಕಳು ನನ್ನ ಮಕ್ಕಳಿಗಿಂತ ಚಿಕ್ಕವು." ಅವನು ನಕ್ಕ. ಹಲ್ಲು ಕಪ್ಪಗಿದ್ದವು.

ಅವಳು ಸಂಕರ್ಷಣರ ಕಡೆ ತಿರುಗಿದಳು. "ಸಾರ್, ಸಂಜೆ ಗಾಡಿ ಬರುತ್ತಲ್ಲ. ನೀವೇ ಮಾತಾಡಿದ್ರಿ. ನಾನೇ ಕೇಳಿಸ್ಕೊಂಡೆ. ಸಂಜೆ ತನಕ ತಡೀರಿ."

"ನಿನ್ನೆ ನೀನು ಆಡಿದ ಮಾತು ನೆನಪಿದೆಯಾ? ನಿಮ್ಮ ಮನೆಯವರನ್ನ ಇಳಿಸ್ಬೇಡಿ ಅಂದೆ. ಇಳಿಸ್ತಿಲ್ಲ. ಕೂಲಿ ಕೊಟ್ಟು ಜನ ಕರೆಸಿದೀನಿ. ಇನ್ನೇನಮ್ಮ ನಿಂದು?"

ಅಟ್ಟದಿಂದ ಇಳಿದು ಬಾಗಿಲಿಗೆ ಒರಗಿ ನಿಂತಿದ್ದ ಮುನಿರಾಜು ಕೈ ಚಾಚಿದ. "ಬೇಡ... ಮಗಾ... ಉಸ್..." ಅಷ್ಟೇ. ಕೆಳಗೆ ಕುಸಿದು ಕೂತ.

ಕೈಲಾಸ್ ಒಂದು ಕಾಲು ಒಳಗಿಟ್ಟ. ಇನ್ನೊಂದನ್ನೂ ಇಟ್ಟ.

ಹೇಳಿಬಿಡಬೇಕು. ನಾನೇ ಕಟ್ಟಿದ್ದು, ಮೇಲೆ, ಚೀಲ ತುರುಕಿ. ನಾಲಿಗೆಯ ತುದಿಗೆ ಬಂತು. ಹೇಳಿದರೆ ಸೋಮವಾರದವರೆಗೂ ಕಾಯುವುದಿಲ್ಲ, ಈಗಲೇ ಎಲ್ಲ ಮುಗಿಯಿತು. ನೋಡಿ, ಮೀನಿನವರೇ ಕಟ್ಟುವವರು ಅಂತ ಪೇಟೆಯೆಲ್ಲ ಹೇಳುತ್ತದೆ. ಹೇಳದಿದ್ದರೆ ಈ ಮನುಷ್ಯ ಇಳಿಯುತ್ತಾನೆ. ಇಳಿಸಿದ್ದು ಅವರು. ಇಳಿಯುವ ಹಾಗೆ ಮಾಡಿದ್ದು ತಾನು.

"ಅತ್ತೆ! ಅವನ ರಟ್ಟೆ ಹಿಡ್ಕೊಳ್ಳಿ! ಸತ್ರೂ ಬಿಡ್ಬೇಡಿ!"

ಅಂಜನಮ್ಮ ಏನು ಯಾಕೆ ಎಂದು ಕೇಳಲಿಲ್ಲ. ಜೀವಂತ ಕೊರಮೀನನ್ನು ಜಾರಗೊಡದ ಕೈ ಅದು. ಎರಡು ಕೈಯಲ್ಲೂ ಕೈಲಾಸನ ರಟ್ಟೆ ಹಿಡಿದು ಗುಂಡಿಯ ಅಂಚಿಗೆ ಕಾಲು ಕೊಟ್ಟಳು. "ಅಯ್ಯೋ, ಬಿಡಮ್ಮೋ!" ಎಂದು ಅವನು ಕೊಸರಾಡಿದ.

ಪ್ರೇಮಲತಾ ಇಳಿಜಾರನ್ನು ಓಡಿ ಹತ್ತಿದಳು. ಚಪ್ಪಡಿಯನ್ನು ಉಗುರು ಕಿತ್ತುಬರುವಂತೆ ಸರಿಸಿದಳು. ಗುಂಡಿ ಬಾಯಿಮಟ್ಟ ತುಂಬಿತ್ತು. ನೆಲಕ್ಕೆ ಬಿದ್ದುಕೊಂಡು ಕೈ ಇಳಿಸಿದಳು. ಮೊಣಕೈ, ಭುಜ, ಕೆನ್ನೆ. ಕಣ್ಣು ಬಾಯಿ ಮುಚ್ಚಿಕೊಂಡಳು. ಬೆರಳಿಗೆ ಗೋಣಿ ಸಿಕ್ಕಿತು. ಎಳೆದಳು. ಬರಲಿಲ್ಲ. ಒದ್ದು ಕೂರಿಸಿದ್ದು ತಾನೇ. ಮತ್ತೆ ಎಳೆದಳು. ಭುಜದಲ್ಲಿ ಏನೋ ಲಟಕ್ಕೆಂದಿತು. ಚೀಲ ಕಿತ್ತು ಬಂತು.

ಭುಸ್ಸೆಂದು ನೀರು ಇಳಿಯಿತು. ಕೆಳಗೆ ಅಂಜನಮ್ಮ ಕೈಲಾಸನನ್ನು ಎಳೆದು ನೆಲಕ್ಕೆ ಕೆಡವುವುದಕ್ಕೂ ಆಳದ ಗುಂಡಿ ಉಕ್ಕುವುದಕ್ಕೂ ಸರಿಹೋಯಿತು. ಕಲ್ಲು ಅಲ್ಲೇ ಇತ್ತಲ್ಲ. ಬೆಳಗಿನಿಂದ ಮೇಲೆ ನಿಂತಿದ್ದದ್ದೆಲ್ಲ ಒಮ್ಮೆಗೇ ಮೀನಂಗಡಿಗೆ ನುಗ್ಗಿತು. ನೆಲದ ಮೇಲೆ ಇಳಿಸಿಟ್ಟಿದ್ದ ಸಾರಿನ ಪಾತ್ರೆ ವಾಲಿ ಮಗುಚಿತು.

ಪ್ರೇಮಲತಾ ಎದ್ದು ನಿಂತಳು. ಗೋಣಿಯ ಹರುಕಿನಿಂದ ಬಲೆಯ ಎಳೆ ಇಣುಕುತ್ತಿತ್ತು. ಯಾರಾದರೂ ನೋಡಿದರೆ ತಿಳಿಯುತ್ತದೆ. ಅವಳು ಆ ಚೀಲವನ್ನು ಮಗುವಿನ ಹಾಗೆ ಎದೆಗವುಚಿಕೊಂಡಳು. ಜನ ಅಸಹ್ಯದಿಂದ ಮುಖ ತಿರುಗಿಸಿದರು. ಚೀಲದೊಳಗೆ ಏನಿದೆಯೆಂದು ಯಾರೂ ನೋಡಲಿಲ್ಲ.

"ಅರೆ, ಇಲ್ಲೇ ಇತ್ತಾ?" ಅಂದರು ಸಂಕರ್ಷಣರು. ಅವರ ಮುಖ ಅರಳಿತ್ತು. "ಬಚ್ಚಲು ಖಾಲಿಯಾಯ್ತಂತೆ. ಅಲ್ಲಮ್ಮ, ಗೊತ್ತಿದ್ರೆ ಬೆಳಿಗ್ಗೇನೇ ತೆಗೀಬಾರ್ದಿತ್ತಾ?"

"ಇನ್ಮೇಲೆ ಇವಳಿಗೇ ಹೇಳೋದು ಬಿಡಿ," ಎಂದು ಹಿಂದಿನಿಂದ ಯಾರೋ ನಕ್ಕರು.

"ಮುಂದಿನ ಸಲ ನಿಮ್ಮ ಕೈ ಹಾಕಿ ಸಾರ್," ಅಂದಳು ಪ್ರೇಮಲತಾ. "ನನಗಿಂತ ಉದ್ದ ಇದೆ."

ಅವರು ಕೇಳಿಸದವರಂತೆ ಫೋನ್ ಕಿವಿಗಿಟ್ಟರು. "ಹಲೋ, ಹಾಂ, ಸಂಜೆ ಗಾಡಿ ಬೇಡ ಬಿಡಿ. ಇಲ್ಲ ಇಲ್ಲ, ಎಲ್ಲಾ ಸರಿಹೋಯ್ತು."

"ಸಾರ್, ಕಲ್ಲು ಇನ್ನೂ ಇದೆ! ನಮ್ಮನೆ ನೋಡಿ ಸಾರ್! ಗಾಡಿ ಬರ್ಲಿ!"

ಅವರು ಆಗಲೇ ಹಿತ್ತಲ ಬಾಗಿಲು ದಾಟಿದ್ದರು. ಒಳಗಿನಿಂದ ಚಿಲಕ ಬಿತ್ತು. ಮತ್ತೆ ಸ್ನಾನ ಮಾಡಬೇಕಿತ್ತು ಅವರಿಗೆ.

ಪ್ರೇಮಲತಾ ಚೀಲವನ್ನು ಹುರುಪೆಯ ಡ್ರಮ್ಮಿನೊಳಕ್ಕೆ ಒತ್ತಿ ಒಳಗೆ ಬಂದಳು. ಅಡುಗೆಮನೆಯಲ್ಲಿ ಮೀನಿನ ತುಂಡುಗಳು ಕಪ್ಪು ನೀರಿನ ಮೇಲೆ ತೇಲುತ್ತಿದ್ದವು. ಮಧ್ಯಾಹ್ನದ ಊಟಕ್ಕೆ ಬಂದ ಮೂಟೆ ಹೊರುವವರು ಬಾಗಿಲಲ್ಲಿ ನಿಂತು ನೋಡಿ ವಾಪಸು ಹೋದರು. ಅಂಜನಮ್ಮ ಒಲೆಯ ಕಟ್ಟೆಯ ಮೇಲೆ ಕಾಲು ಮಡಚಿ ಕೂತಳು. ಗಂಡ ಗುಂಡಿಯಲ್ಲಿ ಬಿದ್ದ ದಿನವೂ ಅತ್ತೆ ಅಳುವುದನ್ನು ಪ್ರೇಮಲತಾ ನೋಡಿರಲಿಲ್ಲ. ಇವತ್ತು ಅಳುತ್ತಿದ್ದಳು. ಮುನಿರಾಜು ಹೊಸ್ತಿಲಲ್ಲಿ ಗೋಡೆ ಹಿಡಿದು ಕೂತು ಹೆಂಡತಿಯನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಹೆಮ್ಮೆಯಿತ್ತು. ಅದನ್ನು ನೋಡಲು ಅವಳಿಗೆ ಆಗಲಿಲ್ಲ.

ಕೈಲಾಸ್ ಹೋಗಿರಲಿಲ್ಲ. ಗುಂಡಿಗೆ ಇಳಿಯಲಿಲ್ಲವೆಂದು ಅವನಿಗೆ ಕೂಲಿ ಕೊಟ್ಟಿರಲಿಲ್ಲ. ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದು ಬಕೆಟ್ ತೆಗೆದುಕೊಂಡ.

"ನೀನು ಮುಟ್ಬೇಡ ಕೈಲಾಸ್," ಅಂದಳು.

"ನನ್ನ ಜೀವ ಉಳಿಸಿದ ತಾಯಿ ನೀನು. ಇಷ್ಟು ಬಾಚಿದ್ರೆ ಏನಾಯ್ತಕ್ಕ?" ಅವನು ಬಗ್ಗಿ ಬಾಚತೊಡಗಿದ. "ನಿನ್ನ ಹೊಟ್ಟೆ ತಣ್ಣಗಿರ್ಲಿ. ಆ ಚೀಲ ತುರುಕಿದ್ನಲ್ಲ, ಅವನ ಕೈಗೆ ಹುಳ ಬೀಳ್ಲಿ. ಅವನ ಮನೆ ಹಾಳಾಗ್ಲಿ. ಯಾವ ನನ್ಮಗನೋ, ಇವತ್ತು ನನ್ನ ಹೆಂಡ್ತೀನ ಮುಂಡೆ ಮಾಡ್ತಿದ್ದ."

ಅವಳು ಬಾಯಿ ತೆರೆದಳು. ಕೈಲಾಸ್ ತಲೆಯೆತ್ತಿ ನೋಡಿದ. ಅಂಜನಮ್ಮನೂ ನೋಡಿದಳು. ಹೊಸ್ತಿಲಲ್ಲಿ ಮುನಿರಾಜುವಿನ ಉಸಿರು ಶಿಳ್ಳೆ ಹೊಡೆಯುತ್ತಿತ್ತು.

ಯಾರಿಗೂ ಹೇಳುವುದಿಲ್ಲ ಎಂದುಕೊಂಡಳು. ಇವನಿಗಲ್ಲ, ಗಂಡನಿಗಲ್ಲ, ಅತ್ತೆಗಲ್ಲ.

"ಸರಿ ಬಾ," ಅಂದಳು. ಇನ್ನೊಂದು ಬಕೆಟ್ ಎತ್ತಿಕೊಂಡು ಅವನ ಪಕ್ಕ ಬಗ್ಗಿದಳು.